ಮಿತಾಕ್ಷರೆಯ ವೇತನಾದಾನ ಪ್ರಕರಣವೂ ಗಜೇಂದ್ರಗಡದ ಮಗ್ಗವೂ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿರುವ ವೇತನಾದಾನ ಪ್ರಕರಣವು ಒಡೆಯನ ಪಕ್ಷವನ್ನೇ ವಹಿಸಿರುವದೆಂಬ ಆಕ್ಷೇಪವುಂಟು. ಕೂಲಿಯನ್ನು ಮುಂಗಡವಾಗಿ ಪಡೆದು ಕೆಲಸ ಬಿಟ್ಟವನು ಇಮ್ಮಡಿ ತೆರತಕ್ಕದ್ದೆಂಬ ಮೊದಲ ವಿಧಿಯೇ ಇದಕ್ಕೆ ಆಧಾರ. ಆದರೆ ಉಪಕ್ರಮವೊಂದರಿಂದಲೇ ತಾತ್ಪರ್ಯವನ್ನು ನಿರ್ಣಯಿಸುವದು ಮೀಮಾಂಸಾನ್ಯಾಯಕ್ಕೆ ಸಮ್ಮತವಲ್ಲ, ಉಪಸಂಹಾರವನ್ನೂ ನೋಡಬೇಕು.

ಹೊರೆಯಾಳು ಹೊರಡುವಾಗಲೇ ಕೆಲಸ ಬಿಟ್ಟರೆ ಕೂಲಿಯ ಏಳನೆಯ ಒಂದು ಪಾಲನ್ನೂ, ದಾರಿಯಲ್ಲಿ ಬಿಟ್ಟರೆ ನಾಲ್ಕನೆಯ ಒಂದು ಪಾಲನ್ನೂ, ಅರ್ಧದಾರಿಯಲ್ಲಿ ಬಿಟ್ಟರೆ ಪೂರ್ತಿ ಕೂಲಿಯನ್ನೂ ಕೊಡಬೇಕೆಂದು ವಿಧಿಸಿದ ಸ್ಮೃತಿಕಾರನು, ಬಿಡಿಸಿದವನಿಗೂ ಅದೇ ದಂಡವೆಂದು ಪ್ರಕರಣವನ್ನು ಮುಗಿಸಿರುವನು. ಹೀಗೆ ಬಿಡಿಸಿದವನೆಂದರೆ ಒಡೆಯನೇ ಎಂದು ವಿಜ್ಞಾನೇಶ್ವರನ ವಿವರಣೆ. ಅಕಾರಣವಾಗಿ ಕೆಲಸದಿಂದ ತೆಗೆಯುವದೂ ಅಪರಾಧವೆಂಬುದು ಇದರಿಂದ ಸಿದ್ಧವಾಗುವದು. ಇದಕ್ಕಿಂತಲೂ ಮೇಲಾದುದು ನಡುವಣ ಒಂದು ವಿಧಿ: ಕೂಲಿಯನ್ನು ಗೊತ್ತುಮಾಡದೆ ದುಡಿಸಿಕೊಂಡವನು ವ್ಯಾಪಾರ, ಪಶು, ಬೆಳೆಗಳ ಲಾಭದಲ್ಲಿ ಹತ್ತನೆಯ ಒಂದು ಪಾಲನ್ನು ಆಳಿಗೆ ಕೊಡತಕ್ಕದ್ದು. ಕರಾರು ಅಸ್ಪಷ್ಟವಾದರೆ ಅದರ ಭಾರವು ದುಡಿಸಿಕೊಂಡವನ ಮೇಲೆಯೇ ಬೀಳುವದೆಂಬುದು ಇದರ ಸಾರ.

ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ ಹುಟ್ಟಿದ ಮಿತಾಕ್ಷರೆಯು ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗೆ ಹೊರಗಿನದಲ್ಲ. ಅದೇ ಚಾಲುಕ್ಯವಂಶದ ಅಕ್ಕಾದೇವಿಯು ಕಿಸುಕಾಡನ್ನು ಆಳಿದುದಕ್ಕೆ ಇಲ್ಲಿಯ ಸೂಡಿಯ ಶಾಸನಗಳೇ ಸಾಕ್ಷಿ. ಆದುದರಿಂದ ಈ ಶಾಸ್ತ್ರವನ್ನು ಈ ಸೀಮೆಯ ದುಡಿಮೆಯಲ್ಲಿಯೇ ಒರೆಗೆ ಹಚ್ಚುವದು ಯುಕ್ತ.

ಗಜೇಂದ್ರಗಡವು ಪಟ್ಟೇದಂಚಿನ ಸೀರೆಗೆ ಹೆಸರಾದ ಊರು. ಸಾವುಕಾರನಿಂದ ನೂಲನ್ನೂ ಮುಂಗಡವನ್ನೂ ಪಡೆದು ಮನೆಯಲ್ಲಿಯೇ ನೇಯ್ದು, ಸೀರೆಗಿಷ್ಟೆಂದು ಕೂಲಿ ಪಡೆಯುವ ನೇಕಾರನ ಸ್ಥಿತಿಯನ್ನು ಭಾವಿಸಬೇಕು. ಇಮ್ಮಡಿಯ ವಿಧಿಯನ್ನು ಇಲ್ಲಿ ಅನ್ವಯಿಸಿದರೆ ಮುಂಗಡವೇ ಅವನಿಗೆ ಸಂಕೋಲೆಯಾದೀತು. ಮುಂಗಡ ಪಡೆಯುವವನು ಬಹುಶಃ ಹಸಿವಿನಿಂದ ಪಡೆಯುವನೆಂಬುದನ್ನು ಸ್ಮೃತಿಯು ಗಣಿಸಲಿಲ್ಲ. ಇದು ಅದರ ನಿಜವಾದ ದೋಷ. ಸಾಲದಿಂದ ದುಡಿಮೆಯನ್ನು ಕಟ್ಟಿಹಾಕುವ ಜೀತಪದ್ಧತಿಯನ್ನೂ ಅಂಥ ಸಾಲವನ್ನೂ ರದ್ದುಪಡಿಸಿದ 1976ರ ಕಾಯಿದೆಯು ಈ ವಿಷಯದಲ್ಲಿ ಸ್ಮೃತಿಯನ್ನು ಮೀರಿಸಿರುವದು.

ಆದರೆ ಹೊಸ ಶಾಸನವೂ ಪೂರ್ಣವಲ್ಲ. 1948ರ ಕನಿಷ್ಠ ವೇತನ ಕಾಯಿದೆಯ ಸ್ಥಾನದಲ್ಲಿ ನಿಂತ 2019ರ ವೇತನಸಂಹಿತೆಯೂ, 2020ರ ಉಳಿದ ಮೂರು ಕಾರ್ಮಿಕ ಸಂಹಿತೆಗಳೂ 2025ರ ನವೆಂಬರ 21ರಂದು ಜಾರಿಗೆ ಬಂದಿರುವವು. ಅವುಗಳಲ್ಲಿ ಉದ್ಯೋಗಸುರಕ್ಷತೆಯ ಸಂಹಿತೆಯು ನೇಮಕಪತ್ರವನ್ನು ಕಡ್ಡಾಯ ಮಾಡಿದೆ. ಆದರೆ ಅದು ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಗಳನ್ನು ಉದ್ದೇಶಿಸಿದ್ದು. ಸಾಮಾಜಿಕ ಭದ್ರತೆಯ ಸಂಹಿತೆಯು ಮನೆಯಲ್ಲಿ ದುಡಿಯುವವನನ್ನು ಅಸಂಘಟಿತರಲ್ಲಿ ಎಣಿಸಿದರೂ, ಅವನ ಕೈಗೆ ಕರಾರಿನ ಚೀಟಿಯು ಬರುವಂತಿಲ್ಲ. ಚೀಟಿಯಿಲ್ಲದವನು ತನ್ನ ಕೂಲಿಯನ್ನು ಯಾವ ಪ್ರಮಾಣದಿಂದ ಸಾಧಿಸಬೇಕು?

ಇಮ್ಮಡಿಯ ದಂಡವು ತ್ಯಾಜ್ಯ. ಅಸ್ಪಷ್ಟತೆಯ ಭಾರವನ್ನು ಒಡೆಯನ ಮೇಲಿಟ್ಟ ವಿಧಿಯು ಗ್ರಾಹ್ಯ. ಮನೆಯ ಮಗ್ಗದವರೆಗೂ ಆ ನ್ಯಾಯವು ಮುಟ್ಟಿದಾಗಲೇ ಹಳೆಯ ಶಾಸ್ತ್ರದ ಅಭಿಪ್ರಾಯವೂ ಹೊಸ ಶಾಸನದ ಉದ್ದೇಶವೂ ಸಾರ್ಥಕವಾಗುವವು.