ಹಳೆಯ ಕಾರಿನ ಇಂಡಿಕೇಟರಿಗೆ ಎಲ್‌ಇಡಿ: ಏನು ಬದಲಾಗಬೇಕು, ಏನು ಉಳಿಯಬೇಕು

ಹಳೆಯ ಕಾರುಗಳನ್ನು ಜತನದಿಂದ ಇಟ್ಟುಕೊಂಡವರಲ್ಲಿ ಈಗ ಎರಡು ಪಂಗಡ. ಒಂದು ಸ್ಕ್ರೂ ಕೂಡ ಕಂಪನಿಯಿಂದ ಬಂದದ್ದೇ ಆಗಿರಬೇಕು ಎನ್ನುವವರು ಒಂದು ಕಡೆ. ಅಂಗಡಿಯಲ್ಲಿ ಸಿಕ್ಕ ದೀಪವನ್ನೆಲ್ಲ ತಂದು ಗಾಡಿಯ ಸುತ್ತ ಮಿನುಗಿಸುವವರು ಇನ್ನೊಂದು ಕಡೆ. ಇಂಡಿಕೇಟರ್ ವಿಷಯದಲ್ಲಿ ಇಬ್ಬರೂ ಒಂದು ಸಂಗತಿಯನ್ನು ಮರೆತಿದ್ದಾರೆ. ಸೀಟು, ಸ್ಟಿಯರಿಂಗು, ಬಾನೆಟ್ಟಿನ ಹೊಳಪು ಇವೆಲ್ಲ ಗಾಡಿಯ ಒಡೆಯನ ಸಂತೋಷಕ್ಕೆ. ಇಂಡಿಕೇಟರ್ ಮಾತ್ರ ಹಿಂದೆ ಬರುವವನಿಗೆ, ಎದುರು ಬರುವವನಿಗೆ. ಅದು ಅವರ ಕಣ್ಣಿಗೆ ಸರಿಯಾಗಿ ಬೀಳದಿದ್ದರೆ ಎಷ್ಟೇ ಅಸಲಿಯಾಗಿದ್ದರೂ ವ್ಯರ್ಥ, ಬಿದ್ದೂ ಅರ್ಥವಾಗದಿದ್ದರೆ ಎಷ್ಟೇ ಚೆಂದವಾಗಿದ್ದರೂ ವ್ಯರ್ಥ. ಆದ್ದರಿಂದ ನನ್ನ ನಿಲುವು ಇಷ್ಟು: ಒಳಗಿನ ಬಲ್ಬು ಎಲ್‌ಇಡಿಯಾಗಲಿ; ಹೊರಗಿನ ಗಾಜು, ಅದರ ಬಣ್ಣ, ಮಿನುಗುವ ಲಯ ಈ ಮೂರೂ ಇದ್ದಂತೆಯೇ ಇರಲಿ.

ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾದ ರಸ್ತೆಗಳನ್ನು ಬಲ್ಲವರಿಗೆ ಇದು ಬರೀ ಹವ್ಯಾಸದ ಚರ್ಚೆಯಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನಿಂತ ಕಾರು ಯಾರಿಗೂ ಎಡ–ಬಲ ತೋರಿಸಬೇಕಾಗಿಲ್ಲ. ನಮ್ಮ ಕಡೆ ಉಳಿದಿರುವ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರಾ ಜೀಪುಗಳು ರಸ್ತೆಗಿಳಿಯುವ ಗಾಡಿಗಳು. ಮಳೆಗಾಲದಲ್ಲಿ ಅಣಶಿ ಘಟ್ಟದ ಮಂಜು; ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಕಾರ್ಖಾನೆಯತ್ತ ಹೊರಟ ಟ್ರ್ಯಾಕ್ಟರುಗಳ ಸಾಲು; ಹುಬ್ಬಳ್ಳಿ–ಶಿರಸಿ ರಸ್ತೆಯಲ್ಲಿ ವೇಗವಾಗಿ ಹಿಂದಿಕ್ಕಲು ಬರುವ ಹೊಸ ಕಾರುಗಳು. ಟಿಬೆಟನ್ ಕ್ಯಾಂಪಿನ ಕಡೆಗೋ ಹಳ್ಳಿಯ ಮಣ್ಣುದಾರಿಗೋ ಬಲಕ್ಕೆ ತಿರುಗುವ ಹಳೆಯ ಗಾಡಿಯ ಮಸುಕು ದೀಪವನ್ನು, ಹೊಸ ಕಾರುಗಳ ಪ್ರಖರ ದೀಪಗಳಿಗೆ ಒಗ್ಗಿದ ಕಣ್ಣು ಸುಲಭವಾಗಿ ಗುರುತಿಸದು. ಆ ಗಾಡಿ ತಯಾರಾದ ಕಾಲದಲ್ಲಿ ಈ ವೇಗವೂ ಇರಲಿಲ್ಲ, ಈ ದಟ್ಟಣೆಯೂ ಇರಲಿಲ್ಲ.

ಮಸುಕಿಗೆ ಕಾರಣ ಬಲ್ಬಿನ ಸ್ವಭಾವದಲ್ಲಿಯೇ ಇದೆ. ಇಂಡಿಕೇಟರಿನ ಸಾಮಾನ್ಯ ಬಲ್ಬು 12 ವೋಲ್ಟಿನ, 21 ವ್ಯಾಟಿನದು. ತಂತಿ ಕಾದು ಬೆಳಕು ಕೊಡುವ ಈ ಬಲ್ಬಿನಲ್ಲಿ ವೋಲ್ಟೇಜು ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. ವೋಲ್ಟೇಜು ನೂರಕ್ಕೆ 10ರಷ್ಟು ಕುಸಿದರೆ ಬೆಳಕು ಸುಮಾರು 30ರಷ್ಟು ಕುಸಿಯುತ್ತದೆ. 12 ವೋಲ್ಟಿನ ಜಾಗದಲ್ಲಿ 10 ತಲುಪಿದರೆ ಬೆಳಕು ಹತ್ತಿರಹತ್ತಿರ ಅರ್ಧ. ಡೈನಮೋ ಇರುವ ಹಳೆಯ ಗಾಡಿ ತಿರುವಿನಲ್ಲಿ ನಿಧಾನಿಸಿದಾಗ, ವೈಪರ್, ಹೆಡ್‌ಲೈಟ್ ಎರಡೂ ನಡೆಯುತ್ತಿರುವಾಗ ಹೀಗೆ ಆಗುವುದು ಸಹಜ. ಅಂದರೆ ಇಂಡಿಕೇಟರ್ ಎಲ್ಲಕ್ಕಿಂತ ಹೆಚ್ಚು ಬೇಕಾದ ಮಳೆಯ ರಾತ್ರಿಯಲ್ಲೇ ಅದು ಎಲ್ಲಕ್ಕಿಂತ ಮಂಕು. ಜೊತೆಗೆ ತಂತಿ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ನಿಮಿಷಕ್ಕೆ 90 ಸಲ ಮಿನುಗುವ ದೀಪ ಪ್ರತಿ ಸಲ ಹೊತ್ತಿರುವುದೇ ಸೆಕೆಂಡಿನ ಮೂರನೇ ಒಂದು ಭಾಗದಷ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಬೆಚ್ಚಗಾಗುವುದರಲ್ಲೇ ಕಳೆಯುತ್ತದೆ. ಎಲ್‌ಇಡಿ ತಕ್ಷಣ ಹೊತ್ತುತ್ತದೆ. ಕರೆಂಟನ್ನು ಸ್ಥಿರವಾಗಿಡುವ ಡ್ರೈವರ್ ಒಳಗಿರುವ ಒಳ್ಳೆಯ ಎಲ್‌ಇಡಿಗೆ ವೋಲ್ಟೇಜಿನ ಈ ಏರಿಳಿತ ತಟ್ಟುವುದಿಲ್ಲ.

ಇಲ್ಲಿ ಅನುಭವಿ ಇಲೆಕ್ಟ್ರಿಷಿಯನ್ನರ ಆಕ್ಷೇಪವೊಂದಿದೆ, ಅದಕ್ಕೆ ಬೆಲೆ ಕೊಡಲೇಬೇಕು. ಬಲ್ಬಿನದಲ್ಲ ತಪ್ಪು, ಅರ್ಥಿಂಗಿನದು ಎನ್ನುತ್ತಾರೆ ಅವರು. ನಿಜ. ನಮ್ಮ ಮಳೆಗೆ ಹೋಲ್ಡರು ಹಸಿರುಗಟ್ಟುತ್ತದೆ, ಗಾಡಿಯ ಬಾಡಿಗೆ ಜೋಡಿಸಿದ ಅರ್ಥ್ ಸ್ಕ್ರೂ ತುಕ್ಕು ಹಿಡಿಯುತ್ತದೆ, ಬಲ್ಬಿಗೆ ತಲುಪಬೇಕಾದ ವೋಲ್ಟೇಜು ದಾರಿಯಲ್ಲೇ ಸೋರುತ್ತದೆ. ಆದ್ದರಿಂದ ಮೊದಲ ಕೆಲಸ ಎಲ್‌ಇಡಿ ಕೊಳ್ಳುವುದಲ್ಲ. ಹೋಲ್ಡರ್ ಉಜ್ಜಿ, ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ಥ್ ತಂತಿ ಎಳೆದು, ಗಾಜಿನ ಹಿಂದಿನ ರಬ್ಬರ್ ಪಟ್ಟಿ ಬದಲಿಸಬೇಕು. ಈ ಪಟ್ಟಿಯ ಮಾತು ಎಲ್‌ಇಡಿಗೆ ಇನ್ನೂ ಮುಖ್ಯ: ಹಳೆಯ ಬಲ್ಬು ತನ್ನ ಬಿಸಿಯಿಂದ ಒಳಗಿನ ತೇವವನ್ನು ಒಣಗಿಸುತ್ತಿತ್ತು, ಎಲ್‌ಇಡಿ ಅಷ್ಟು ಬಿಸಿಯಾಗದು. ಇಷ್ಟೆಲ್ಲ ಮಾಡಿದ ಮೇಲೂ ಡೈನಮೋದ ಮಿತಿ, ತಂತಿ ಕಾಯುವ ವಿಳಂಬ ಎರಡೂ ಉಳಿದೇ ಇರುತ್ತವೆ. ವೈರಿಂಗ್ ದುರಸ್ತಿ ಎಲ್‌ಇಡಿಗೆ ಬದಲಿಯಲ್ಲ, ಅದರ ಮೊದಲ ಹೆಜ್ಜೆ.

ಬಲ್ಬು ಬದಲಿಸಿದ ದಿನವೇ ಎರಡು ತೊಂದರೆ ಎದುರಾಗುತ್ತವೆ, ಬಹಳ ಜನ ಕೈಬಿಡುವುದು ಇಲ್ಲೇ. ಮೊದಲನೆಯದು ದೀಪವನ್ನು ಮಿನುಗಿಸುವ ಫ್ಲ್ಯಾಶರಿನದು. ಹಳೆಯ ಫ್ಲ್ಯಾಶರ್ ಒಳಗೆ ಕರೆಂಟಿನ ಶಾಖಕ್ಕೆ ಬಾಗುವ ಪಟ್ಟಿ ಇರುತ್ತದೆ. 21 ವ್ಯಾಟಿನ ಎರಡು ಬಲ್ಬು ಸೇರಿ ಎಳೆಯುವುದು ಮೂರೂವರೆ ಆಂಪಿಯರ್. ಎಲ್‌ಇಡಿ ಎಳೆಯುವುದು ಅರ್ಧ ಆಂಪಿಯರೋ ಅದಕ್ಕಿಂತ ಕಡಿಮೆಯೋ. ಪಟ್ಟಿ ಕಾಯುವುದಿಲ್ಲ, ದೀಪ ಮಿನುಗದೆ ನಿಂತುಬಿಡುತ್ತದೆ. ಫ್ಲ್ಯಾಶರ್ ಇಲೆಕ್ಟ್ರಾನಿಕ್ ಆಗಿದ್ದರೆ ಬಲ್ಬು ಸುಟ್ಟಿದೆಯೆಂದು ಭಾವಿಸಿ ವಿಪರೀತ ವೇಗದಲ್ಲಿ ಮಿನುಗಿಸಬಹುದು. ಇದಕ್ಕೆ 6 ಓಮಿನ ರೆಸಿಸ್ಟರ್ ಜೋಡಿಸುವ ರೂಢಿಯಿದೆ. ನಾನು ಬೇಡವೆನ್ನುತ್ತೇನೆ. ಅದು 2 ಆಂಪಿಯರ್ ಎಳೆದು 24 ವ್ಯಾಟನ್ನು ಬರೀ ಬಿಸಿಯಾಗಿ ಕಳೆಯುತ್ತದೆ; ಹಳೆಯ ವೈರುಗಳ ಪಕ್ಕದಲ್ಲಿ ಅಂಥ ಬಿಸಿ ಅಪಾಯ, ಉಳಿಸಿದ ಕರೆಂಟೂ ಹೋಯಿತು. ಕರೆಂಟಿನ ಪ್ರಮಾಣ ನೋಡದೆ ಒಂದೇ ಲಯದಲ್ಲಿ ಮಿನುಗಿಸುವ ಎಲ್‌ಇಡಿ ಫ್ಲ್ಯಾಶರ್ ಹಾಕುವುದೇ ಸರಿ. ಎರಡನೆಯದು ಡ್ಯಾಶ್‌ಬೋರ್ಡಿನ ಪುಟ್ಟ ದೀಪದ್ದು. ಎಡ–ಬಲ ಎರಡಕ್ಕೂ ಒಂದೇ ಸೂಚನಾ ದೀಪ ಇರುವ ಗಾಡಿಗಳಲ್ಲಿ ಅದು ಉರಿಯದ ಬದಿಯ ಬಲ್ಬುಗಳ ಮೂಲಕ ಅರ್ಥ್ ಹುಡುಕಿಕೊಳ್ಳುತ್ತದೆ. ಆ ಅಲ್ಪ ಕರೆಂಟು ಎಲ್‌ಇಡಿಯನ್ನು ಹೊತ್ತಿಸಲು ಸಾಕು. ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತವೆ. ಎರಡು ಬದಿಯಿಂದ ಒಂದೊಂದು ಡಯೋಡ್ ಮೂಲಕ ಆ ದೀಪಕ್ಕೆ ಕರೆಂಟು ಕೊಟ್ಟು, ಅದರ ಇನ್ನೊಂದು ತುದಿಯನ್ನು ನೇರ ಅರ್ಥ್ ಮಾಡಿದರೆ ಮುಗಿಯಿತು. ಪಾಸಿಟಿವ್ ಅರ್ಥ್ ಇರುವ ಹಳೆಯ ಬ್ರಿಟಿಷ್ ಕಾರಾದರೆ ಬಲ್ಬು, ಫ್ಲ್ಯಾಶರ್ ಎರಡೂ ಅದಕ್ಕೆ ಹೊಂದುವಂಥವೇ ಬೇಕು.

ಇನ್ನು ಬಣ್ಣ ಮತ್ತು ಲಯ. ಅಂಗಡಿಯಲ್ಲಿ ಬಿಳಿ ಎಲ್‌ಇಡಿಯೇ ಹೆಚ್ಚು ಬೆಳಗುವಂತೆ ಕಾಣುತ್ತದೆ. ಅದನ್ನು ಕಿತ್ತಳೆ ಹಳದಿ ಗಾಜಿನ ಹಿಂದೆ ಇಟ್ಟರೆ ಗಾಜು ಅದರ ನೀಲಿ, ಹಸಿರು ಪಾಲನ್ನು ತಡೆಯುತ್ತದೆ; ಉಳಿದು ಬರುವುದು ಪೇಲವ ಹಳದಿ. ಗಾಜಿನ ಬಣ್ಣದ್ದೇ ಎಲ್‌ಇಡಿ ಹಾಕಿದರೆ ಬೆಳಕು ಬಹುಪಾಲು ಹೊರಬರುತ್ತದೆ, ಬಣ್ಣವೂ ತುಂಬಿರುತ್ತದೆ. ಹಿಂದೆ ಪ್ರತಿಫಲಕ ಇರುವ ದೀಪಕ್ಕೆ ಪಕ್ಕಕ್ಕೂ ಬೆಳಕು ಚೆಲ್ಲುವ ಬಲ್ಬೇ ಬೇಕು. ಮುಂದಕ್ಕೆ ಮಾತ್ರ ಉರಿಯುವುದಾದರೆ ಗಾಜಿನ ನಡುವೆ ಒಂದು ಚುಕ್ಕಿ, ಸುತ್ತ ಕತ್ತಲು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೇ ನಿಯಮ ಇಂಡಿಕೇಟರಿಗೆ ಇದೇ ಕಿತ್ತಳೆ ಹಳದಿ ಬಣ್ಣವನ್ನೂ ನಿಮಿಷಕ್ಕೆ 60ರಿಂದ 120 ಸಲ ಮಿನುಗುವ ಲಯವನ್ನೂ ಹೇಳುತ್ತದೆ. ಒಳಗಿನಿಂದ ಹೊರಗೆ ಸಾಲಾಗಿ ಓಡುವ ದೀಪಗಳನ್ನು ಹಳೆಯ ಕಾರಿಗೆ ಅಂಟಿಸುವುದನ್ನೂ ನಾನು ವಿರೋಧಿಸುತ್ತೇನೆ. ಅಂಬಾಸಡರಿನ ಚಿಕ್ಕ ಗಾಜಿನಲ್ಲಿ ಓಡಲು ಜಾಗವಿಲ್ಲ. ಓಡಿದರೂ ಪೂರ್ತಿ ದೀಪ ಬೆಳಗುವ ಹೊತ್ತು ಕಡಿಮೆಯಾಗುತ್ತದೆ. ಅದಕ್ಕೆಂದು ಬಾಡಿ ಕೊರೆದರೆ ಆ ತೂತು ಶಾಶ್ವತ.

ಅಸಲಿತನದ ಪಕ್ಷದವರು ಕೇಳುತ್ತಾರೆ: ಇಂದು ಬಲ್ಬು, ನಾಳೆ ಇಂಜಿನ್, ಗೆರೆ ಎಲ್ಲಿ? ಗೆರೆ ಸ್ಪಷ್ಟವಾಗಿದೆ: ಅರ್ಧ ಗಂಟೆಯಲ್ಲಿ ಕಿತ್ತು ಮೊದಲಿನಂತೆ ಮಾಡಬಹುದಾದದ್ದು ಈಚೆ, ಮಾಡಲಾಗದ್ದು ಆಚೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮವೂ 50 ವರ್ಷ ದಾಟಿದ ಗಾಡಿಯಲ್ಲಿ ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು ಎಂದು ನೋಡುತ್ತದೆ. ಇಂಡಿಕೇಟರ್ ಎಂಬುದು ಮೊದಲಿನಿಂದಲೂ ಕಾಲಕ್ಕೆ ತಕ್ಕಂತೆ ಬದಲಾದ ಅಂಗವೂ ಹೌದು. ಒಂದು ಕಾಲದ ಮಾರಿಸ್ ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈ ಹೊರಚಾಚುತ್ತಿತ್ತು. ಮಿನುಗುವ ದೀಪ ಬಂದಾಗ ಅನೇಕ ಒಡೆಯರು ಕೈಯನ್ನು ಉಳಿಸಿಕೊಂಡೇ ದೀಪ ಸೇರಿಸಿಕೊಂಡರು. ಅಸಲಿತನದ ಪರವಾಗಿಯೇ ಇನ್ನೊಂದು ಮಾತಿದೆ. ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೆ, ಅಂಬಾಸಡರಿನದು 2014ರಲ್ಲಿ ನಿಂತಿತು. ಬಲ್ಬು ಎಲ್ಲಿಯೂ ಸಿಗುತ್ತದೆ, ಒಳ್ಳೆಯ ಹಳೆಯ ಗಾಜು ವರ್ಷದಿಂದ ವರ್ಷಕ್ಕೆ ಅಪರೂಪ. 21 ವ್ಯಾಟಿನ ಬಿಸಿಯಿಂದ ಆ ಪ್ಲಾಸ್ಟಿಕ್ ಗಾಜನ್ನು ಪಾರುಮಾಡುವುದೂ ಅಸಲಿತನದ ರಕ್ಷಣೆಯೇ. ತಂತಿಯ ಬಲ್ಬು ಮೆಲ್ಲಗೆ ಹೊತ್ತಿ ಮೆಲ್ಲಗೆ ಆರುವ ಮೃದುತನ ಹೋಗುತ್ತದೆ, ಅದು ನಿಜವಾದ ನಷ್ಟ. ಹಿಂದೆ ಬರುವವನ ಸುರಕ್ಷತೆಯ ಮುಂದೆ ಆ ನಷ್ಟವನ್ನು ಒಪ್ಪಿಕೊಳ್ಳಬೇಕು.

ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ನನ್ನ ವಿನಂತಿ ಇಷ್ಟು. ಈ ಮಳೆಗಾಲಕ್ಕೆ ಮೊದಲು ಅರ್ಥಿಂಗ್ ಸರಿಮಾಡಿಸಿ, ಗಾಜಿನ ಬಣ್ಣದ್ದೇ ಎಲ್‌ಇಡಿಯನ್ನೂ ಅದಕ್ಕೆ ತಕ್ಕ ಫ್ಲ್ಯಾಶರನ್ನೂ ಹಾಕಿಸಿ. ತೆಗೆದ ಬಲ್ಬು, ಫ್ಲ್ಯಾಶರನ್ನು ಎಸೆಯದೆ ಚೀಟಿ ಅಂಟಿಸಿ ಡಬ್ಬಿಯಲ್ಲಿಡಿ, ಗಾಡಿ ಮುಂದಿನವರ ಕೈಗೆ ಹೋದಾಗ ಜೊತೆಗೇ ಹೋಗಲಿ. ಆಮೇಲೆ ಮಟಮಟ ಮಧ್ಯಾಹ್ನದಲ್ಲಿ ಯಾರನ್ನಾದರೂ ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಇಂಡಿಕೇಟರ್ ಹಾಕಿ. ಅಷ್ಟು ದೂರದಿಂದ ಎಡವೋ ಬಲವೋ ಎಂದು ಅವರು ತಡವರಿಸದೆ ಹೇಳಿದರೆ ಕೆಲಸ ಸರಿಯಾಗಿದೆ.