ಹೆಸರಿಲ್ಲದ ಉಳಿ: ಆತಕೂರಿನ ಕಲ್ಲು

ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಿಲೆಯನ್ನು ಕುರಿತು ಚರಿತ್ರಕಾರರು ಬರೆದುದು ಹೇರಳ. ಕ್ರಿ.ಶ. 949-50ರ ಈ ಶಾಸನವು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದುದಕ್ಕೆ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ಆತನ ಬಂಟ ಮಣಲೇರ ಇವರ ಹೆಸರುಗಳೆಲ್ಲ ಅದರಲ್ಲಿವೆ. ಅಷ್ಟೇಕೆ, ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಿಂದ ಬೇಡಿ ಪಡೆದ ಬೇಟೆನಾಯಿಯ ಹೆಸರೂ ಇದೆ: ಕಾಳಿ. ಶಿಲ್ಪವನ್ನು ಕಡೆದವನು ಮಾತ್ರ ಅಜ್ಞಾತ.

ಶಾಸನವನ್ನು ಓದಿದವರು ಶಿಲ್ಪವನ್ನು ನೋಡಿದವರೆಂದು ಹೇಳಲಾಗದು. ಅಕ್ಷರಗಳ ನಡುವಣ ಚಿತ್ರವನ್ನು ‘ನಾಯಿ, ಹಂದಿಗಳ ಕಾಳಗ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಪ್ಸರೆಯರಾಗಲಿ, ಕೈಲಾಸದ ಶಿವಪೂಜೆಯಾಗಲಿ ಇಲ್ಲಿಲ್ಲ. ಅರಸನಿಲ್ಲ, ಬೇಟೆಗಾರನೂ ಇಲ್ಲ. ಎರಡು ಪ್ರಾಣಿಗಳು ಎದುರುಬದುರು ಸೆಣಸುತ್ತಿವೆ, ಅಷ್ಟೆ. ಎರಡೂ ಸತ್ತವೆಂದು ಶಾಸನ ಹೇಳುತ್ತದೆ. ಶಿಲ್ಪಿಯು ಆ ಸಾವನ್ನು ತೋರಿಸದೆ, ಗೆಲವು ಇನ್ನೂ ಯಾರದೆಂದು ತೀರದ ಗಳಿಗೆಯನ್ನು ಆರಿಸಿಕೊಂಡನು. ಕಥನವನ್ನು ಲಿಪಿಗೆ ಬಿಟ್ಟು, ರಭಸವನ್ನಷ್ಟೇ ತಾನು ಉಳಿಸಿಕೊಂಡ ಈ ವಿವೇಕವು ಸಾಮಾನ್ಯ ಕೈಗೆಲಸದವನದಲ್ಲ.

ವಚನಸಾಹಿತ್ಯದ ಓದುಗರಿಗೆ ಇಂಥ ಅಜ್ಞಾತತೆ ಹೊಸದಲ್ಲ. ಅಂಕಿತವೊಂದೇ ಉಳಿದು ಕರ್ತೃವಿನ ಹೆಸರು ಅಳಿದುಹೋದ ವಚನಗಳನ್ನು ಸಂಪಾದಕರು ಆದರದಿಂದ ಕೂಡಿಸಿದ್ದಾರೆ. ಅವುಗಳಿಗೆ ನುಡಿಯನ್ನು ನೋಡಿ ಬೆಲೆ ಕಟ್ಟುತ್ತಾರೆಯೇ ಹೊರತು ಹೆಸರನ್ನು ಕೇಳಿಯಲ್ಲ. ಶಿಲ್ಪಕ್ಕೂ ಅದೇ ನ್ಯಾಯ ಸಲ್ಲಬೇಕು. ಹಾಗೆಂದು ಬಸವಾದಿ ಶರಣರಿಗಿಂತ ಎರಡು ಶತಮಾನ ಹಿಂದಿನ ಈ ಶಿಲ್ಪಿಯನ್ನು ನಿರಹಂಕಾರಿ ಕಾಯಕಯೋಗಿಯೆಂದು ಹೊಗಳುವುದು ಅವಸರದ ಮಾತಾದೀತು. ಹೆಸರು ಕಾಣದಿರುವುದಕ್ಕೆ ವಿನಯವೇ ಕಾರಣವೋ, ಕೂಲಿಯಾಳಿಗೆ ಆ ಅಧಿಕಾರವೇ ಇರಲಿಲ್ಲವೋ, ಕಲ್ಲು ಹೇಳುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರುಗಳನ್ನು ಧಾರಾಳವಾಗಿ ಕಂಡರಿಸಿದ್ದಾರೆ. ಅದರಿಂದ ಅವರ ಕಲೆಗೇನೂ ಕುಂದು ಬಂದಿಲ್ಲ.

ಇನ್ನೊಂದು ಸಂಗತಿ. ಈ ಕಲ್ಲನ್ನು ನಿಲ್ಲಿಸಿದುದು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ. ಅದಕ್ಕೆ ಭೂಮಿಯನ್ನು ಬಿಟ್ಟು, ಅಲ್ಲಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದು ವಿಧಿಸಲಾಗಿತ್ತು. ಎಂದರೆ, ದಿನಕ್ಕೊಮ್ಮೆಯಾದರೂ ಒಬ್ಬನು ಎದುರು ನಿಲ್ಲಲೆಂದೇ ಈ ಶಿಲೆ ಹುಟ್ಟಿತು. ತಕ್ಕೋಲದ ವಾರ್ತೆಯನ್ನು ಓದಲರಿಯದೆ ಆ ಅಂಗಳವನ್ನು ಹಾದುಹೋದ ಒಕ್ಕಲಿಗೂ ದನಗಾಹಿಗೂ ತಿಳಿಯುತ್ತಿದ್ದುದು ಕಾಳಿಯ ಕಾಳಗವೊಂದೇ.