ದಿಡ್ಡಿ ಬಾಗಿಲಿನ ವಿಮೆ

ಕಂಪನಿ ಕೊಟ್ಟ ಹೆಲ್ತ್ ಇನ್ಶೂರೆನ್ಸ್ ಕಾರ್ಡು ಪರ್ಸಿನಲ್ಲಿದ್ದರೆ ನಮಗೊಂದು ಧೈರ್ಯ. ಅದು ಯಾವುದಕ್ಕೆ ಬರುತ್ತೆ, ಯಾವುದಕ್ಕೆ ಬರಲ್ಲ ಅಂತ ಓದಿದವರು ಕಡಿಮೆ. ಒಮ್ಮೆ ‘ಪ್ರೆಪ್’ ಅನ್ನೋ ಮಾತ್ರೆಯನ್ನು ಮುಂದಿಟ್ಟುಕೊಂಡು ನಿಮ್ಮ ಪಾಲಿಸಿ ಓದಿ ನೋಡಿ.

ಎಚ್‌ಐವಿ ಇಲ್ಲದವರು, ಅದು ತಗುಲದಿರಲಿ ಅಂತ ಮುಂಚೆಯೇ ತಗೊಳ್ಳುವ ಮಾತ್ರೆ ಇದು. ಟೆನೊಫೊವಿರ್, ಎಮ್‌ಟ್ರಿಸಿಟಾಬಿನ್ ಎರಡೂ ಒಂದರಲ್ಲೇ ಇರುತ್ತವೆ. ತಪ್ಪದೆ ತಗೊಂಡರೆ ಲೈಂಗಿಕ ಸಂಪರ್ಕದಿಂದ ಬರುವ ಸೋಂಕಿನ ಸಾಧ್ಯತೆ ಸುಮಾರು ಶೇ 99ರಷ್ಟು ತಗ್ಗುತ್ತದೆ. ಅಮೆರಿಕ 2012ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಅಲ್ಲಿನ ತಜ್ಞರ ಸಮಿತಿ ‘ಎ’ ದರ್ಜೆ ಕೊಟ್ಟಿತು. ಆಮೇಲೆ ಬಹುತೇಕ ಖಾಸಗಿ ವಿಮೆಗಳು ಇದರ ಖರ್ಚನ್ನು ಪೂರ್ತಿ ಭರಿಸಲೇಬೇಕಾಯಿತು.

ನಮ್ಮಲ್ಲಿ? ಮಾಮೂಲಿ ಪಾಲಿಸಿ ಆಸ್ಪತ್ರೆ ಸೇರಿದವರಿಗೆ. ಮನೆಯಲ್ಲಿ ಕೂತು ನುಂಗುವ ಮಾತ್ರೆ ಒಪಿಡಿ ಲೆಕ್ಕ, ಅದಕ್ಕೆ ಕಾಸಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಣ್ಣೂ ಹೆಚ್ಚಾಗಿ ಆಸ್ಪತ್ರೆಯ ಹಾಸಿಗೆಯ ಮೇಲೆಯೇ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ, ವಿಮೆ ಕೊಡುವಾಗ ಸೋಂಕಿತರಿಗೆ ತಾರತಮ್ಯ ಮಾಡಬೇಡಿ ಅನ್ನುತ್ತದೆ. ಒಳ್ಳೆಯದೇ. ಆದರೆ ಸೋಂಕು ಬಾರದಂತೆ ನೋಡಿಕೊಳ್ಳುವ ಮಾತ್ರೆಯ ಬಿಲ್ಲು ಯಾರದು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅನ್ನೋ ಗಾದೆ ಇಂಥದ್ದಕ್ಕೇ ಹುಟ್ಟಿದ್ದು.

ಬೆಂಗಳೂರಲ್ಲಿ ಸಂಬಳ ಎಣಿಸುವವರಿಗೆ ತಿಂಗಳಿಗೆ ಒಂದೆರಡು ಸಾವಿರ ದೊಡ್ಡದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವರಿಗೆ, ಸಂಕೇಶ್ವರ ದಾಟಿ ಪುಣೆ ಹೆದ್ದಾರಿಯಲ್ಲಿ ಲಾರಿ ಓಡಿಸುವವರಿಗೆ ಅದೇ ದುಡ್ಡು ಮನೆಯ ಸಂತೆ. ದೇವದಾಸಿ ಪದ್ಧತಿಯ ಭಾರ ಹೊತ್ತ ಈ ಸೀಮೆಯ ಹೆಣ್ಣುಮಕ್ಕಳಿಗೂ ಅಷ್ಟೇ. ಮಾತ್ರೆಯ ಜೊತೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟು, ಆಗಾಗ ಕಿಡ್ನಿಯದ್ದೂ ಆಗಬೇಕು. ಸಾಲದ್ದಕ್ಕೆ ಸಣ್ಣ ಊರು. ಮೆಡಿಕಲ್ ಅಂಗಡಿಯವನು ಚೀಟಿ ನೋಡಿ, “ನೀ ಯಾರ ಮಗಾ ಅಲ್ಲ?” ಅಂದರೆ ಮುಗೀತು.

ಹಾಗಂತ ಸರ್ಕಾರಕ್ಕೆ ಗೊತ್ತಿಲ್ಲದ ಕೆಲಸ ಏನಲ್ಲ ಇದು. 2004ರಿಂದ ಸೋಂಕಿತರಿಗೆ ಎಆರ್‌ಟಿ ಮಾತ್ರೆ ಉಚಿತ. ಐಸಿಟಿಸಿಯಲ್ಲಿ ಟೆಸ್ಟೂ ಉಚಿತ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಆಶೋದಯ ಸಮಿತಿ 2016ರಲ್ಲಿ ಪ್ರೆಪ್ ಕೊಡಲು ಶುರುಮಾಡಿ, ಹೆಣ್ಣುಮಕ್ಕಳು ದಿನಾ ತಪ್ಪದೆ ತಗೊಳ್ಳುತ್ತಾರೆ ಅಂತ ತೋರಿಸಿತು. 2022ರಲ್ಲಿ ನ್ಯಾಕೋ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ಎಆರ್‌ಟಿಯ ಹಾಗೆ ಎಲ್ಲರ ಕೈಗೆ ಪುಕ್ಕಟೆ ಸಿಗುವ ವ್ಯವಸ್ಥೆ ಆ ಕಾಗದದಿಂದ ಆಗಲಿಲ್ಲ. ಸೋಂಕು ಬಂದವರಿಗೆ ಜೀವನಪೂರ್ತಿ ಮಾತ್ರೆ ಕೊಡುವ ಸರ್ಕಾರ, ಬಾರದಿರಲಿ ಅನ್ನುವವರಿಗೆ ಅಪಾಯ ಇರುವಷ್ಟು ದಿನ ಕೊಡೋಕೆ ಹಿಂದೆಮುಂದೆ ನೋಡೋದು ಯಾವ ಲೆಕ್ಕ?

2025ರಲ್ಲಿ ಲೆನಾಕಾಪವಿರ್ ಅನ್ನೋ, ಆರು ತಿಂಗಳಿಗೊಂದು ಇಂಜೆಕ್ಷನ್ನಿಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದನ್ನೇ 2027ರಿಂದ ವರ್ಷಕ್ಕೆ 40 ಡಾಲರಿಗೆ ಕೊಡುತ್ತೇವೆ ಅಂದಿರುವುದು ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು. ಔಷಧ ನಮ್ಮ ಪಕ್ಕದ ಊರಲ್ಲೇ ತಯಾರಾಗುತ್ತೆ. ಅದು ಮೂಡಲಗಿ ಮುಟ್ಟುತ್ತಾ ಅನ್ನೋದೇ ಪ್ರಶ್ನೆ.

ಗ್ರೂಪ್ ಪಾಲಿಸಿ ರಿನ್ಯೂ ಆಗುವ ಮುಂಚೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ: ಒಪಿಡಿಯಲ್ಲಿ ತಡೆಗಟ್ಟುವ ಔಷಧ, ಟೆಸ್ಟು ಸೇರಿವೆಯಾ ಅಂತ. ‘ನನಗೆ ಬೇಕು’ ಅಂತ ಬರೀಬೇಕಿಲ್ಲ. ಊರಲ್ಲಿರುವ ಗೆಳೆಯರಿಗೆ 1097 ನಂಬರ್ ಕೊಡಿ, ಅದು ನ್ಯಾಕೋದ ಉಚಿತ ಸಹಾಯವಾಣಿ.